ಗೀರು

ಕುತಾಯಿಸಿಯ ವಿಮಾನ ನಿಲ್ದಾಣದಲ್ಲಿ ನನ್ನದು
ದನಿಯ ಕೆಲಸ. ಮುಖ ಯಾರಿಗೂ ಗೊತ್ತಿಲ್ಲ.
ಹನ್ನೊಂದು ವರ್ಷದಿಂದ ಮ್ಯಾನೇಜರ್ ಗೊಣಗುತ್ತಾನೆ:
"ಇಂಗಾ, ಉಳಿದದ್ದೆಲ್ಲ ನೀರು ಹರಿದ ಹಾಗೆ ಓದುತ್ತೀ,
ಆ ವೆದರ್ ಬಂದಾಗ ಮಾತ್ರ ಯಾಕೆ ಎಡವುತ್ತೀ?"

ಎಡವಿದ್ದಲ್ಲ ಸ್ವಾಮಿ. ಅದು ಪಾಠ.

ದಾರೇಜಾನ್ ಕೊಬಾಖಿಡ್ಜೆ, ಇಂಗ್ಲಿಷ್ ಪ್ರೊಫೆಸರ್,
ಅರವತ್ತು ದಾಟುವ ತನಕ
ಒಬ್ಬ ಇಂಗ್ಲಿಷಿನವನನ್ನೂ ಕಣ್ಣಾರೆ ಕಂಡವರಲ್ಲ.
ಅವರಿಗೆ ಆ ಭಾಷೆ ಬಂದದ್ದು ಒಂದು ತಟ್ಟೆಯಿಂದ:
ಅಂಚು ಮುಕ್ಕಾದ ಕರಿ ಗ್ರಾಮಫೋನ್ ತಟ್ಟೆ,
ಬಾತುಮಿ ಬಂದರಿನಲ್ಲಿ ಯಾರೋ ಹಡಗಿನವನು
ಎರಡು ಬಾಟಲಿ ಸಾರಾಯಿಗೆ ಕೊಟ್ಟು ಹೋದದ್ದು.
ಅದರೊಳಗೊಬ್ಬ ಗಂಡಸು, ನೆಗಡಿಯಾದವನ ದನಿ,
ಮಳೆ ಬಿಸಿಲಿನ ಸುದ್ದಿ ಹೇಳುತ್ತಿದ್ದ, ಹೇಳುತ್ತಲೇ ಇದ್ದ.
ಗೀರು ಬಿದ್ದಲ್ಲಿ ಮುಳ್ಳು ಹಾರಿ
ವೆ — ವೆದರ್.
ಅವರು ಹಾಗೇ ಕಲಿತರು. ನಾವು ಅವರಿಂದ.

ತೊಂಬತ್ಮೂರರ ಚಳಿಗಾಲ. ಕರೆಂಟಿಲ್ಲ, ಸಂಬಳವಿಲ್ಲ,
ರೊಟ್ಟಿಗೆ ನಸುಕಿನ ಮೂರಕ್ಕೇ ಸಾಲು.
ಕ್ಲಾಸಿಗೆ ತಲಾ ಒಂದು ಕೊರಡು ಸೌದೆ ತರಬೇಕು,
ತರದವರು ಒಲೆಯಿಂದ ದೂರ. ನಿಯಮ ಅವರದೇ.
ತರದ ಹುಡುಗನನ್ನು ಒಲೆ ಪಕ್ಕ ಕೂರಿಸಿ
"ಇವನಿಗೆ ಕೆಮ್ಮು" ಎಂದು ಸುಳ್ಳು ಹೇಳಿದ್ದೂ ಅವರೇ.

ನಮ್ಮ ಜಾರ್ಜಿಯನ್ನಿನಲ್ಲಿ ಇಲ್ಲದ ಎರಡು ಚಿಲ್ಲರೆ ಪದ,
'ಎ' ಮತ್ತು 'ದಿ'.
ಅವನ್ನು ನಮ್ಮ ತಲೆಗೆ ಹತ್ತಿಸಲು ಪಟ್ಟ ಪಾಡು!
"ಒಂದು ಬಾಗಿಲು ಅಂದರೆ ಯಾರದೋ ಬಾಗಿಲು.
ಆ ಬಾಗಿಲು ಅಂದರೆ ನೀನು ತಟ್ಟಿದ್ದು."
ಹೊರಗೆಲ್ಲೋ ಗುಂಡು ಹಾರಿತು.
"ಒಂದು ಗುಂಡು," ಅಂದರು ಮಾಸ್, ಕಿಟಕಿಯತ್ತ ತಿರುಗದೆ,
"ಅದು ಆ ಗುಂಡು ಆಗದಿರಲಿ. ಮುಂದಿನ ವಾಕ್ಯ, ಗೋಚಾ."

ಸೀಮೆಸುಣ್ಣದಲ್ಲಿ ಜಿಪುಣಿ. ಅಂಕದಲ್ಲಿ ಇನ್ನೂ ಜಿಪುಣಿ.
ನನ್ನ ಪ್ರೇಮಪತ್ರ ಪುಸ್ತಕದಿಂದ ಜಾರಿ ಬಿದ್ದಾಗ
ಬೈಯಲಿಲ್ಲ, ತಿದ್ದಿ ಕೊಟ್ಟರು. ಏಳು ತಪ್ಪು.
ಆ ಹುಡುಗ ಉಳಿಯಲಿಲ್ಲ,
ಹಸಿರು ಶಾಯಿ ಇನ್ನೂ ಇದೆ.

ಅರವತ್ತೆರಡಕ್ಕೆ ಯಾರೋ ಲೀಡ್ಸಿಗೆ ಕರೆಸಿಕೊಂಡರು,
ಒಂಬತ್ತು ದಿನ. ಹಳೇ ಕೋಟಿಗೆ ಹೊಸ ಗುಂಡಿ ಹೊಲಿಸಿ ಹೋದರು.
ಮರಳಿದಾಗ ಮುತ್ತಿಕೊಂಡೆವು: ಹೇಗಿತ್ತು, ಹೇಗಿದ್ದಾರೆ?
"ಒಳ್ಳೆ ಜನ. ಪಾಪ, ಯಾರೂ ವಾಕ್ಯ ಮುಗಿಸೋದಿಲ್ಲ."
ಆಮೇಲೆ ಬಹಳ ಹೊತ್ತಿಗೆ, ಟೀ ಲೋಟದೊಳಕ್ಕೆ,
"ಆ ಪದದಲ್ಲಿ ಗೀರಿಲ್ಲವಂತೆ."

ತಿದ್ದಿಕೊಳ್ಳಬಹುದಿತ್ತು.
ಮರುದಿನ ಕ್ಲಾಸಿಗೆ ಬಂದು ಆಕಾಶ ನೋಡಿ
ಎಂದಿನಂತೆ ಹೇಳಿದರು, ವೆ — ವೆದರ್.
ನಮ್ಮ ಉಸಿರು ಕೆಳಗಿಳಿಯಿತು.

ಇವತ್ತು ಅವರ ಮಣ್ಣು. ಎಂಬತ್ತೇಳು.
ನನಗೆ ರಜೆ ಸಿಗಲಿಲ್ಲ.
ಊರೊಳಗೆ ಈಗ ರೊಟ್ಟಿಯ ಮೇಲೆ ವೈನ್ ಹನಿಸುತ್ತಿರುತ್ತಾರೆ,
ಲೋಟಕ್ಕೆ ಲೋಟ ತಾಗಿಸದೆ ಕುಡಿಯುತ್ತಿರುತ್ತಾರೆ.
ಇಲ್ಲಿ ಮಂಜು. ರನ್‌ವೇ ಇದೆ ಎಂದು ನಂಬಬೇಕು ಅಷ್ಟೆ.
ಮೈಕು ಒತ್ತಿದೆ. ವಾರ್ಸಾ ತಡ. ರೋಮ್ ತಡ.
ಕಾರಣ —
ಗಂಟಲು ಅಲ್ಲಿಗೆ ಬಂದು ನಿಂತಿತು. ಮುಳ್ಳು ಹಾರಿತು.

ಗಾಜಿನಾಚೆ, ಸಾಮಾನಿನ ಬೆಲ್ಟಿನ ಬಳಿ,
ಮಂಜಿಗೆ ಮುಂಚಿನ ಕೊನೇ ವಿಮಾನದಲ್ಲಿ ಇಳಿದ
ಬಕ್ಕತಲೆಯವನೊಬ್ಬ, ಕೈಯಲ್ಲಿ ಬಿಳಿ ಹೂವು,
ಸಾವಿನ ಮನೆಗೆ ಒಯ್ಯುವ ಸಮಸಂಖ್ಯೆ,
ಥಟ್ಟನೆ ಸ್ಪೀಕರಿನತ್ತ ತಲೆಯೆತ್ತಿದ.
ತುಟಿ ಅಲುಗಿತು. ಎರಡು ಸಲ.

ಗುರುತು ಹತ್ತಲಿಲ್ಲ. ಗೋಚಾ ಇರಬಹುದು.
ಸೌದೆ ತರದಿದ್ದವನೂ ಇರಬಹುದು.
ಅವನ ಸೂಟ್‌ಕೇಸು ಎದುರಿಗೇ ಹಾದು ಹೋಯಿತು,
ಎತ್ತಿಕೊಳ್ಳಲಿಲ್ಲ.

ಬೇಕಿರಲಿಲ್ಲ, ಆದರೂ ಪ್ರಕಟಣೆಯನ್ನು
ಮೊದಲಿಂದ ಇನ್ನೊಮ್ಮೆ ಓದಿದೆ.